ಅರ್ಜಿಯ ಹಣ ಕಡಲು ದಾಟಿದ ಕಥೆ

ಮೊನ್ನೆ ಭಾನುವಾರ ಬೆಳಗ್ಗೆ ಕಾಫಿ ಮುಗಿಸಿ ಪತ್ರಿಕೆ ಬಿಡಿಸುವ ಹೊತ್ತಿಗೆ ಮಸ್ಕತ್ತಿನಿಂದ ಫೋನು ಬಂತು. ಮಾತನಾಡಿದವಳು ನನ್ನ ತಮ್ಮನ ಮೊಮ್ಮಗಳು. ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಅಲ್ಲಿ. "ತಾತ, ನನ್ನ ಅರ್ಜಿ ನಿಂತುಬಿಟ್ಟಿದೆ. ಈ ರಾತ್ರಿ ಹನ್ನೆರಡಕ್ಕೆ ಕಡೆಯ ಗಡುವು. ನೀವೇ ಏನಾದರೂ ಮಾಡಬೇಕು" ಎಂದಳು. ದನಿಯಲ್ಲಿ ಅಳು ಬಾಗಿಲಿಗೆ ಬಂದು ನಿಂತಿತ್ತು.

ವಿಷಯ ಇಷ್ಟೆ. ಈ ದೇಶದ ಒಂದು ವಿಶ್ವವಿದ್ಯಾನಿಲಯಕ್ಕೆ ಅವಳು ಅರ್ಜಿ ಬರೆದಿದ್ದಳು. ಅಂಕಪಟ್ಟಿ ಸೇರಿಸಿದ್ದಳು, ಭಾವಚಿತ್ರ ಅಂಟಿಸಿದ್ದಳು, ಎಲ್ಲವೂ ಸರಿಯಾಗಿತ್ತು. ಕಡೆಯಲ್ಲಿ ಅರ್ಜಿಯ ಶುಲ್ಕ ಕಟ್ಟಬೇಕು. ಅವರಪ್ಪನ ಮಸ್ಕತ್ತಿನ ಬ್ಯಾಂಕಿನ ಕಾರ್ಡನ್ನು ಮೂರು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. ಖಾತೆಯಲ್ಲಿ ಹಣವಿಲ್ಲವೆಂದಲ್ಲ. ಪರದೇಶದ ಕಾರ್ಡನ್ನು ಅದು ಸ್ವೀಕರಿಸುವುದೇ ಇಲ್ಲವಂತೆ. ನನ್ನ ಮೊಮ್ಮಗ ಒಳಗಿನಿಂದ ಬಂದು, ಅವಳು ಕಳುಹಿಸಿದ ಚೌಕದ ಗುರುತಿಗೆ ತನ್ನ ಫೋನನ್ನು ಹಿಡಿದು, ನಾಲ್ಕಾರು ಅಂಕಿ ಒತ್ತಿದ. ನಾನು ಕಾಫಿಯ ಲೋಟ ತೊಳೆದಿಡುವಷ್ಟರಲ್ಲಿ ಮಸ್ಕತ್ತಿನಲ್ಲಿ ಅವಳ ಅರ್ಜಿ ಪೂರ್ತಿಯಾಗಿತ್ತು.

ಅವಳಿಗೆ ನಾಗರಬಾವಿಯಲ್ಲಿ ಒಬ್ಬ ತಾತನಿದ್ದ, ಆಯಿತು. ತಾತನಿಲ್ಲದವರು ಏನು ಮಾಡಬೇಕು? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದರ ಹಿಂದೆಯೇ ಹಳೆಯ ನೆನಪುಗಳೂ ಎದ್ದು ಕುಳಿತಿವೆ. ಅರ್ಜಿಯ ಶುಲ್ಕವೆಂಬುದು ಬಹು ಸಣ್ಣ ಬಾಬು. ವಿದ್ಯಾಭ್ಯಾಸದ ಚರಿತ್ರೆ ಬರೆದವರು ಅದನ್ನು ಗಮನಿಸುವುದಿಲ್ಲ, ಹಣಕಾಸಿನ ಚರಿತ್ರೆ ಬರೆದವರು ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಊರ ಬಾಗಿಲಲ್ಲಿ ಸುಂಕದ ಕಟ್ಟೆ ಇದ್ದಂತೆ ಅದು ವಿದ್ಯೆಯ ಬಾಗಿಲಲ್ಲಿದೆ. ಒಳಗೆ ಯಾರು ಹೋದರೆಂಬುದನ್ನು ಎಲ್ಲರೂ ಬರೆದಿಡುತ್ತಾರೆ. ಕಟ್ಟೆಯಿಂದಲೇ ಹಿಂದಿರುಗಿದವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆ ಸುಂಕದ ಕಥೆಯನ್ನು ನನಗೆ ತಿಳಿದಮಟ್ಟಿಗೆ ಹೇಳಬೇಕೆಂದು ಈ ಬರಹ.

ನಮ್ಮ ನಾಡಿನಲ್ಲಿ ಶುಲ್ಕ ಎಲ್ಲೆ ದಾಟಲು ಆರಂಭಿಸಿದ್ದು ಕಡಲಿನ ಕಡೆಗಲ್ಲ, ಮದರಾಸಿನ ಕಡೆಗೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳೆಲ್ಲ 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪದವಿ ಅಲ್ಲಿ. ಪರೀಕ್ಷೆಯ ಶುಲ್ಕ ಸಂಸ್ಥಾನದ ಗಡಿ ದಾಟಿ ಹೋಗಬೇಕಾಗಿತ್ತು. ಧಾರವಾಡದ ಕಡೆಯ ಹುಡುಗರಿಗೂ ಇದೇ ಪಾಡು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಅವರು ಮುಂಬಯಿಯ ಕಡೆಗೆ ಮುಖ ಮಾಡಿದ್ದರು. ಹಣ ಕಳುಹಿಸುವ ಅನುಕೂಲವನ್ನು ಮಾತ್ರ ಅಂಚೆಯ ಇಲಾಖೆ ಒದಗಿಸಿತ್ತು. ಮನಿಯಾರ್ಡರಿನ ಕೆಲಸವನ್ನು ಇಂಡಿಯದ ಅಂಚೆ ಇಲಾಖೆ ವಹಿಸಿಕೊಂಡದ್ದು 1880ರಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು ಬಂದಿದ್ದ ನಮ್ಮ ಮೈಸೂರಿನ ಅಂಚೆ 1889ರಲ್ಲಿ ಆ ಇಲಾಖೆಯಲ್ಲಿ ಸೇರಿಹೋಯಿತು. ಹೋಬಳಿಯ ಅಂಚೆಮನೆಯಲ್ಲಿ ರೂಪಾಯಿ ಎಣಿಸಿ ಕೊಟ್ಟರೆ ಅದು ದೂರದ ಪಟ್ಟಣದಲ್ಲಿ ಸಂದಾಯವಾಗುತ್ತದೆ ಎಂಬ ನಂಬಿಕೆ ನಮ್ಮ ಜನಕ್ಕೆ ಬಂದದ್ದು ಆ ಕಾಲದಲ್ಲಿ.

ಇನ್ನು ಸೀಮೆಯ ಮಾತು. 1858ರಿಂದಲೇ ಲಂಡನ್ ವಿಶ್ವವಿದ್ಯಾನಿಲಯ ಒಂದು ಹೊಸ ಪದ್ಧತಿ ತಂದಿತ್ತು. ಎಲ್ಲಿ ಓದಿದರೂ ಸರಿ, ಶುಲ್ಕ ಕಟ್ಟಿ ಪರೀಕ್ಷೆಗೆ ಕುಳಿತು ಗೆದ್ದವರಿಗೆ ಪದವಿ ಎಂದಿತು. ಪಾಠಶಾಲೆಯ ಗೋಡೆಯೇ ಇಲ್ಲದ ವಿದ್ಯೆಗೂ ಶುಲ್ಕದ ಬಾಗಿಲಿತ್ತು ಎಂಬುದನ್ನು ಗಮನಿಸಬೇಕು. ಸೀಮೆಗೇ ಹೋಗಿ ಓದಿದವರಲ್ಲಿ ನಮ್ಮವರೆಲ್ಲ ಬಲ್ಲವರೆಂದರೆ ಟಿ. ಪಿ. ಕೈಲಾಸಂ. 1908ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಭೂಗರ್ಭಶಾಸ್ತ್ರ ಕಲಿಯಲು ಹೋದರು, 1915ರಲ್ಲಿ ಹಿಂದಿರುಗಿದರು. ಭೂಗರ್ಭಕ್ಕಿಂತ ನಾಟಕಕ್ಕೇ ಹೆಚ್ಚು ಲಾಭವಾಯಿತೆಂಬುದು ಬೇರೆ ಮಾತು. ಆಗ ಒಂದು ಪೌಂಡಿಗೆ 15 ರೂಪಾಯಿ. 1927ರಲ್ಲಿ ರೂಪಾಯಿಗೆ ಒಂದು ಷಿಲಿಂಗು ಆರು ಪೆನ್ಸು ಎಂದು ಗೊತ್ತಾದ ಮೇಲೆ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಈ ಲೆಕ್ಕವನ್ನು ನಮ್ಮ ಶಾಲೆಯ ಮೇಷ್ಟರು ಮಗ್ಗಿಯಂತೆ ಹೇಳುತ್ತಿದ್ದರು.

ಆ ಕಾಲದಲ್ಲಿ ಹಣ ಕಳುಹಿಸಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ; ಹಣವಿದ್ದರೆ ಸಾಕಾಗಿತ್ತು. ಆದರೆ ಹಣವಿದ್ದದ್ದು ಎಷ್ಟು ಮನೆಗಳಲ್ಲಿ? ಇದ್ದ ಮನೆಯವರು ಬ್ಯಾಂಕಿನ ಹುಂಡಿ ಬರೆಸಿ ಕಳುಹಿಸುತ್ತಿದ್ದರು. ಇಲ್ಲದವರು ವಿಶ್ವವಿದ್ಯಾನಿಲಯಕ್ಕೆ ವಿವರಣೆಯ ಪುಸ್ತಕ ಕೇಳಿ ಕಾಗದ ಬರೆದು, ಮರುಟಪಾಲಿನ ಖರ್ಚಿಗೆ ಅಂತರರಾಷ್ಟ್ರೀಯ ಉತ್ತರ ಕೂಪನ್ನು ಲಗತ್ತಿಸಿ, ಪುಸ್ತಕ ಬಂದ ಮೇಲೆ ಅದರ ಚಿತ್ರಗಳನ್ನು ನೋಡಿ ತೃಪ್ತಿಪಡುತ್ತಿದ್ದರು. ಈ ಕೂಪನ್ನಿನ ವಿಷಯ ಈಗಿನವರಿಗೆ ತಿಳಿಯದು. 1906ರಲ್ಲಿ ರೋಮಿನಲ್ಲಿ ಸೇರಿದ ವಿಶ್ವ ಅಂಚೆ ಒಕ್ಕೂಟದ ಸಭೆ ಅದನ್ನು ಒಪ್ಪಿತು. ಮರುವರ್ಷ ಜಾರಿಗೆ ಬಂತು. ನಮ್ಮ ಅಂಚೆಮನೆಯಲ್ಲಿ ಕೊಂಡ ಚೀಟಿಯನ್ನು ಬೇರೆ ದೇಶದ ಅಂಚೆಮನೆಯಲ್ಲಿ ಕೊಟ್ಟರೆ ಅಲ್ಲಿಯ ಸ್ಟಾಂಪು ಕೊಡುತ್ತಾರೆ. ಬಡ ವಿದ್ಯಾರ್ಥಿಯ ಕೈಯಲ್ಲಿದ್ದ ಪರದೇಶದ ನಾಣ್ಯವೆಂದರೆ ಇದೊಂದೇ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ಅದರೊಡನೆ ಅಪ್ಪಣೆಯ ಕಾಲವೂ ಬಂತು. ಯುದ್ಧದ ಖರ್ಚಿಗೆ ಪರದೇಶದ ನಾಣ್ಯವನ್ನು ಕಾಪಾಡಬೇಕೆಂದು ಹಣದ ಹೊರಹರಿವಿಗೆ ರಿಸರ್ವ್ ಬ್ಯಾಂಕಿನ ಮೂಲಕ ಕಟ್ಟು ಹಾಕಿದರು. ಯುದ್ಧ ಮುಗಿಯಿತು, ಕಟ್ಟು ಬಿಚ್ಚಲಿಲ್ಲ. 1947ರಲ್ಲಿ ಅದೇ ವಿದೇಶಿ ವಿನಿಮಯ ನಿಯಂತ್ರಣದ ಕಾಯಿದೆಯಾಯಿತು. 1949ರಲ್ಲಿ ಪೌಂಡಿನ ಜೊತೆಗೆ ರೂಪಾಯಿಯ ಬೆಲೆಯನ್ನೂ ಇಳಿಸಿದರು; ಡಾಲರಿಗೆ 4 ರೂಪಾಯಿ 76 ಪೈಸೆಯ ಲೆಕ್ಕ ನಿಂತದ್ದು ಆಗ. 1956ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆ ಹೊರಟಿತು. ಕಾರ್ಖಾನೆಗಳಿಗೆ ಯಂತ್ರ ಬೇಕು, ಯಂತ್ರಕ್ಕೆ ವಿದೇಶಿ ನಾಣ್ಯ ಬೇಕು. ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ಕೂಡಿದ್ದ ನಮ್ಮ ಸ್ಟರ್ಲಿಂಗ್ ಗಂಟು ಎರಡು ವರ್ಷದೊಳಗೆ ಕರಗಿತು. 1958ರಲ್ಲಿ ಸಾಲ ಕೊಡುವ ದೇಶಗಳೆಲ್ಲ ಸೇರಿ ಭಾರತಕ್ಕೆ ನೆರವಿನ ಕೂಟ ಕಟ್ಟಿಕೊಂಡವು. ಉಕ್ಕಿನ ಕಾರ್ಖಾನೆಗೇ ಡಾಲರು ಸಾಲದ ದೇಶದಲ್ಲಿ ಒಬ್ಬ ಹುಡುಗನ ಅರ್ಜಿಗೆ ಹತ್ತು ಡಾಲರು ಕೊಡಿ ಎಂದರೆ ಗುಮಾಸ್ತ ಹುಬ್ಬೇರಿಸುವುದು ಸಹಜವೇ. ಸರ್ಕಾರದ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ಸೇರು ಅಳೆಯುವ ಕೈ ಬಿಗಿಯಾಗುತ್ತದೆ.

ಹಾಗಾದರೆ ಆ ಕಾಲದಲ್ಲಿ ಹೊರದೇಶಕ್ಕೆ ಹೋಗಿ ಓದಿದವರು ಇಲ್ಲವೇ? ಎಷ್ಟೋ ಮಂದಿ ಇದ್ದಾರೆ. ಬಸವನಗುಡಿಯ ಹುಡುಗ ಸಿ. ಎನ್. ಆರ್. ರಾವ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ 1958ರಲ್ಲಿ ಡಾಕ್ಟರೇಟು ಪಡೆದರು. ಗೌರಿಬಿದನೂರಿನ ಹೊಸೂರಿನ ಬಡ ಮನೆಯಿಂದ ಬಂದು ನ್ಯಾಷನಲ್ ಕಾಲೇಜಿನ ಜೀವವೇ ಆಗಿದ್ದ ಎಚ್. ನರಸಿಂಹಯ್ಯನವರು ನಡುವಯಸ್ಸಿನಲ್ಲಿ ಓಹಿಯೋಗೆ ಹೋಗಿ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟು ತಂದರು. ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಕ್ಕೆ ಹೋದರು. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. ಫುಲ್‌ಬ್ರೈಟ್ ಒಪ್ಪಂದ ಭಾರತಕ್ಕೆ ಬಂದದ್ದು 1950ರಲ್ಲಿ, ಕಾಮನ್‌ವೆಲ್ತ್ ಯೋಜನೆ ಹುಟ್ಟಿದ್ದು 1959ರಲ್ಲಿ. ಇಂಥ ವೇತನ ದೊರೆತವರನ್ನು ಬಾಗಿಲ ಒಳಗಿನವರೇ ಕೈಹಿಡಿದು ಕರೆದುಕೊಳ್ಳುತ್ತಿದ್ದರು. ಕಷ್ಟವೆಲ್ಲ ಯಾರೂ ಕರೆಯದೆ ತಾವಾಗಿ ಬಾಗಿಲು ತಟ್ಟುವವರಿಗೆ. ನಾನು ಆ ಎರಡನೆಯ ಗುಂಪಿನವನು.

ನನ್ನ ಸ್ವಂತ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಓದುಗರು ಕ್ಷಮಿಸಬೇಕು. 1966ರಲ್ಲಿ ನಾನು ಒಂದು ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೆ. ಸಂಬಳ ಇನ್ನೂರು ರೂಪಾಯಿಯ ಒಳಗೆ. ಚಾಮರಾಜಪೇಟೆಯಲ್ಲಿ ಮೂವರು ಗೆಳೆಯರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಅಮೆರಿಕದಲ್ಲಿ ಓದಬೇಕೆಂಬ ಹುಚ್ಚು ಮೂವರಿಗೂ ಇತ್ತು. ಮೂರು ವಿಶ್ವವಿದ್ಯಾನಿಲಯಗಳನ್ನು ನಾನು ಆರಿಸಿಕೊಂಡಿದ್ದೆ. ಒಂದೊಂದಕ್ಕೂ ಅರ್ಜಿಯ ಶುಲ್ಕ ಹತ್ತು ಡಾಲರು. ಮೂವತ್ತು ಡಾಲರಿಗೆ 142 ರೂಪಾಯಿ 80 ಪೈಸೆ. ಅಷ್ಟು ಹಣವನ್ನು ನಾನು ಆರು ತಿಂಗಳಲ್ಲಿ ಕೂಡಿಸಿದೆ. ಅದರಲ್ಲಿ ಅರ್ಧ ಅಮ್ಮನದು. ಗುಬ್ಬಿಯಲ್ಲಿ ಎರಡು ಹಸು ಕಟ್ಟಿಕೊಂಡು ನಾಲ್ಕು ಮನೆಗೆ ವರ್ತನೆಯ ಹಾಲು ಹಾಕುತ್ತಿದ್ದಳು. "ಕಾಗದ ಹಾಕುವುದಕ್ಕೇ ಇಷ್ಟು ದುಡ್ಡೇನೋ? ಓದಿಸುವುದಕ್ಕೆ ಇನ್ನೆಷ್ಟೋ!" ಎಂದು ಕೇಳಿದಳು. ಕೇಳಿದಳೇ ಹೊರತು ಕೊಡದೆ ಇರಲಿಲ್ಲ.

ಜೂನ್ ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಬೇಕೆಂದಿದ್ದೆ. ಜೂನ್ 6ರ ಬೆಳಗ್ಗೆ ಪತ್ರಿಕೆ ತೆರೆದರೆ ರೂಪಾಯಿಯ ಬೆಲೆ ಇಳಿದಿತ್ತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ರಾತ್ರಿ ಕಳೆಯುವುದರೊಳಗೆ 7 ರೂಪಾಯಿ 50 ಪೈಸೆ ಆಗಿತ್ತು. ದೇಶದ ಆರ್ಥಿಕ ಪರಿಸ್ಥಿತಿ, ರಫ್ತು, ಆಮದು ಎಂದು ಊರಿಗೆ ಊರೇ ಚರ್ಚೆ ಮಾಡುತ್ತಿತ್ತು. ನಾನು ಕೋಣೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿದೆ. ನನ್ನ 142 ರೂಪಾಯಿ 80 ಪೈಸೆಗೆ ಈಗ ಹತ್ತೊಂಬತ್ತು ಡಾಲರು. ಮೂರು ಅರ್ಜಿಯ ಹಣ ಎರಡಕ್ಕೂ ಸಾಲದಾಗಿತ್ತು.

ಒಂದೇ ಅರ್ಜಿ ಹಾಕುವುದೆಂದು ತೀರ್ಮಾನಿಸಿದೆ. ಬ್ಯಾಂಕಿನವರು, ಅದರ ಹೆಸರು ಬೇಡ, ಫಾರಂ ಕೊಟ್ಟರು. ಫಾರಮ್ಮಿನ ಜೊತೆಗೆ ವಿಶ್ವವಿದ್ಯಾನಿಲಯದ ಕಾಗದ ಬೇಕು ಎಂದರು. ಕಾಗದ ಕೊಟ್ಟೆ. ಅದರಲ್ಲಿ ಶುಲ್ಕದ ಮೊತ್ತ ನಮೂದಿಸಿರುವ ಪುಟ ಬೇಕು ಎಂದರು. ವಿವರಣೆಯ ಪುಸ್ತಕವನ್ನೇ ಒಯ್ದೆ. ನಿಮ್ಮ ಕಾಲೇಜಿನಿಂದ ಶಿಫಾರಸು ಬೇಕು ಎಂದರು. ತಂದೆ. ಎಲ್ಲವೂ ಮೇಲಿನ ಕಚೇರಿಗೆ ಹೋಗಿ ಅಪ್ಪಣೆಯಾಗಿ ಬರಬೇಕು ಎಂದರು. ನಾನು ವಾರಕ್ಕೆರಡು ಸಲ ಹೋಗಿ ಬೆಂಚಿನ ಮೇಲೆ ಕುಳಿತು ಬರುತ್ತಿದ್ದೆ. ಗುಮಾಸ್ತರು ಒಳ್ಳೆಯವರೇ; ಒಮ್ಮೆ ಕಾಫಿಯನ್ನೂ ಕೊಡಿಸಿದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇದೆ. ಇಲ್ಲಿ ಪೂಜಾರಿಯೂ ಪಾಪದವನೇ, ಗುಡಿಯ ಬೀಗದ ಕೈ ಇನ್ನೆಲ್ಲೋ ಇತ್ತು. ಕಡೆಗೆ ಡ್ರಾಫ್ಟು ಕೈಗೆ ಬಂದಾಗ ಗಡುವಿಗೆ ಹದಿನಾಲ್ಕು ದಿನ ಉಳಿದಿತ್ತು. ವಿಮಾನದ ಟಪಾಲಿನಲ್ಲಿ ಹಾಕಿದೆ. ಎರಡು ತಿಂಗಳ ಮೇಲೆ ಡ್ರಾಫ್ಟು ಹಿಂದಕ್ಕೆ ಬಂತು. ಜೊತೆಯಲ್ಲಿ ಬಹು ಸಭ್ಯವಾದ ಒಂದು ಕಾಗದ: ತಮ್ಮ ಅರ್ಜಿ ಗಡುವು ಮೀರಿ ತಲುಪಿದ್ದರಿಂದ ಪರಿಶೀಲಿಸಲಾಗಲಿಲ್ಲ, ಶುಲ್ಕವನ್ನು ಹಿಂದಿರುಗಿಸಿದೆ. ನನ್ನ ಯೋಗ್ಯತೆಯನ್ನು ತೂಗಿ ನೋಡಿ ಬೇಡವೆಂದಿದ್ದರೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ. ತಕ್ಕಡಿಯನ್ನು ಮುಟ್ಟುವುದಕ್ಕೇ ಆಗಲಿಲ್ಲ.

ಇದರಲ್ಲಿ ಇನ್ನೂ ಒಂದು ವಿಷಯವಿದೆ. ನನ್ನ ಕೋಣೆಯ ಗೆಳೆಯರಲ್ಲಿ ಒಬ್ಬ ಅದೇ ವರ್ಷ ಅಮೆರಿಕಕ್ಕೆ ಹೋದ. ಅವನ ಬಳಿ ಹತ್ತು ಡಾಲರಲ್ಲ, ಹತ್ತು ರೂಪಾಯಿಯೂ ಇರಲಿಲ್ಲ. ಅವನು ಮಾಡಿದ್ದು ಇಷ್ಟೆ. ವಿವರಣೆಯ ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ವಿದೇಶಿ ವಿನಿಮಯದ ನಿರ್ಬಂಧವಿರುವ ದೇಶದವರು ಕಾರಣ ತಿಳಿಸಿ ಬರೆದರೆ, ಬಂದು ಸೇರಿದ ಮೇಲೆ ಶುಲ್ಕ ಕೊಡಬಹುದು ಎಂದು. ಅವನು ಆ ಸಾಲನ್ನು ಓದಿದ್ದ. ನಾಲ್ಕು ಸಾಲಿನ ಕಾಗದ ಬರೆದು ಅರ್ಜಿಗೆ ಲಗತ್ತಿಸಿದ್ದ. ನನಗೆ ಬಂದ ಪುಸ್ತಕದಲ್ಲೂ ಅಂಥ ಸಾಲು ಇತ್ತು. ಡ್ರಾಫ್ಟು ಹಿಂದಿರುಗಿದ ಮೇಲೆ ಹುಡುಕಿ ನೋಡಿದೆ, ಇತ್ತು. ನಾನು ಮೊದಲಿನಿಂದ ಕಡೆಯವರೆಗೆ ಓದದೆ ಅಮ್ಮನ ಹಾಲಿನ ದುಡ್ಡನ್ನು ಬ್ಯಾಂಕಿಗೆ ಹೊತ್ತಿದ್ದೆ. ಶುಲ್ಕವೆಂಬುದು ಹಣದ ಪರೀಕ್ಷೆಯಷ್ಟೇ ಅಲ್ಲ, ಬಾಗಿಲಿನ ಗುಟ್ಟು ಯಾರಿಗೆ ಗೊತ್ತು ಎಂಬುದರ ಪರೀಕ್ಷೆಯೂ ಹೌದು ಎಂದು ಆಗ ತಿಳಿಯಿತು. ಓದಿದವರ ಮನೆಯ ಮಕ್ಕಳಿಗೆ ಆ ಗುಟ್ಟನ್ನು ಯಾರಾದರೂ ಹೇಳಿರುತ್ತಾರೆ.

ಗೆಳೆಯನನ್ನು ಬೀಳ್ಕೊಡಲು ಹೋದಾಗ ಅವನ ಜೇಬಿನಲ್ಲಿ ಎಂಟು ಡಾಲರು ಇತ್ತು. ಎಂಟೇ ಡಾಲರು ಹಿಡಿದು ಹೊರಟೆವೆಂಬುದು ಆ ಕಾಲದಲ್ಲಿ ಹೋದವರೆಲ್ಲರ ಬಾಯಿಮಾತು. ನಾನು ಇಲ್ಲಿಯೇ ಉಳಿದೆ, ಮೇಷ್ಟರಾದೆ. ಅದಕ್ಕಾಗಿ ಈಗ ವ್ಯಥೆಯೇನೂ ಇಲ್ಲ.

ಬಾಗಿಲ ಹೊರಗೆ ನಿಂತವನು ಒಂದು ದಿನ ಒಳಗೆ ಕುಳಿತುಕೊಳ್ಳುತ್ತಾನೆ. ಎಪ್ಪತ್ತರ ದಶಕದ ಹೊತ್ತಿಗೆ ಬೆಂಗಳೂರು ತಾನೇ ಪರದೇಶದ ವಿದ್ಯಾರ್ಥಿಗಳನ್ನು ಸೆಳೆಯತೊಡಗಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ವಿ. ಕೃ. ಗೋಕಾಕರು ಆರಂಭದ ವರ್ಷಗಳಲ್ಲಿ ಅದರ ಕುಲಪತಿಗಳಾಗಿದ್ದರು; 1972ರಿಂದ 1977ರವರೆಗೆ ಓಹಿಯೋದಿಂದ ಬಂದ ನರಸಿಂಹಯ್ಯನವರು ಆ ಸ್ಥಾನದಲ್ಲಿದ್ದರು. 1973ರಲ್ಲಿ ಮೈಸೂರು ರಸ್ತೆಯ ಪಕ್ಕದ 1,100 ಎಕರೆಯಲ್ಲಿ ಜ್ಞಾನಭಾರತಿಯ ಆವರಣ ತೆರೆಯಿತು. ಅದರ ಬಗಲಿಗೇ ನಮ್ಮ ನಾಗರಬಾವಿ. ಆಗ ಅದು ಹೊಲಗದ್ದೆಗಳ ಹಳ್ಳಿ. ಹೆಸರಿನಲ್ಲಿರುವ ಬಾವಿಯೂ ನಾಗರವೂ ಎರಡೂ ನಂಬುವಂತಿದ್ದವು. ಡಾ. ವಿ. ಕೆ. ಆರ್. ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯ ನೆಲೆ ಇಲ್ಲಿಯೇ. 1988ರಲ್ಲಿ ಪಾಠ ಆರಂಭಿಸಿದ ರಾಷ್ಟ್ರೀಯ ಕಾನೂನು ಶಾಲೆಯೂ ಸೆಂಟ್ರಲ್ ಕಾಲೇಜಿನ ಆವರಣದಿಂದ ಮುಂದೆ ಇಲ್ಲಿಗೇ ಬಂದು ನೆಲೆಸಿತು.

ನಾನು ಕೆಲಸ ಮಾಡುತ್ತಿದ್ದ ಕಾಲೇಜಿಗೂ ಆಫ್ರಿಕದಿಂದ, ಪಶ್ಚಿಮ ಏಷ್ಯದಿಂದ ಅರ್ಜಿಗಳು ಬರುತ್ತಿದ್ದವು. 1983ರಲ್ಲಿ ಆ ಅರ್ಜಿಗಳನ್ನು ನೋಡುವ ಮೇಜು ನನ್ನ ಪಾಲಿಗೆ ಬಂತು. ಒಂದು ದಿನ ಖಾರ್ಟೂಮಿನಿಂದ ಒಂದು ಲಕೋಟೆ ಬಂತು. ಸುಂದರವಾದ ಕೈಬರಹ. ಒಳ್ಳೆಯ ಅಂಕಗಳು. ಶುಲ್ಕಕ್ಕೆ ಲಂಡನ್ನಿನ ಬ್ಯಾಂಕೊಂದರ ಮೇಲೆ ಬರೆದ ಪೌಂಡಿನ ಡ್ರಾಫ್ಟು. ಅದನ್ನು ನಗದು ಮಾಡಿಸಿದಾಗ ಬ್ಯಾಂಕು ವಸೂಲಿಯ ಖರ್ಚು ಕಳೆದುಕೊಂಡಿತು. ಶುಲ್ಕಕ್ಕೆ ಹನ್ನೊಂದು ರೂಪಾಯಿ ಕಡಿಮೆಯಾಯಿತು. ಶುಲ್ಕ ಪೂರ್ಣವಾಗಿ ಸಂದಾಯವಾಗದ ಅರ್ಜಿಯನ್ನು ಹಿಂದಿರುಗಿಸತಕ್ಕದ್ದು ಎಂದು ನಿಯಮವಿತ್ತು. ನಾನು ಹಿಂದಿರುಗಿಸಿದೆ. ಬಹು ಸಭ್ಯವಾದ ಕಾಗದವನ್ನೇ ಬರೆದು ರುಜು ಹಾಕಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು, ನನ್ನ ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇತ್ತೆಂದು. ಮಾರನೆಯ ದಿನ ಹೋಗಿ ನೋಡಿದರೆ ಟಪಾಲು ಹೊರಟುಹೋಗಿತ್ತು. ಆ ಹುಡುಗ ಮತ್ತೆ ಬರೆಯಲಿಲ್ಲ. ನನಗೆ ಆದದ್ದನ್ನು ನಾನೇ ಇನ್ನೊಬ್ಬರಿಗೆ ಮಾಡಿದೆನಲ್ಲ ಎಂಬ ಮುಳ್ಳು ಇಂದಿಗೂ ಇದೆ. ನಿಯಮವನ್ನು ಪಾಲಿಸಿದವನಿಗೆ ಶಿಕ್ಷೆಯಿಲ್ಲ. ಆದ್ದರಿಂದಲೇ ಅದು ಮಾಯುವುದಿಲ್ಲ.

ಮುಂದಿನ ಕಥೆ ಕಟ್ಟು ಸಡಿಲಿದ ಕಥೆ. ಹೊರದೇಶದಲ್ಲಿ ದುಡಿಯುವ ನಮ್ಮವರು ಇಲ್ಲಿ ಖಾತೆ ಇಡಲು 1970ರಲ್ಲಿ ಅನುಕೂಲವಾಯಿತು. ಮಕ್ಕಳ ಶುಲ್ಕವನ್ನು ಇಲ್ಲಿಯೇ ರೂಪಾಯಿಯಲ್ಲಿ ಕಟ್ಟುವ ದಾರಿ ಅವರಿಗೆ ತೆರೆದದ್ದು ಹಾಗೆ. 1974ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ವಿದೇಶಿ ವಿನಿಮಯ ಕಾಯಿದೆ ಹಳೆಯದಕ್ಕಿಂತ ಬಿಗಿಯಾಗಿತ್ತು. ಆದರೆ ಬ್ಯಾಂಕು ಬ್ಯಾಂಕಿನ ನಡುವೆ ತಂತಿಯ ಸಂದೇಶ ಕಳುಹಿಸುವ ಸ್ವಿಫ್ಟ್ ಸಂಸ್ಥೆ 1973ರಲ್ಲಿ ಹುಟ್ಟಿ 1977ರಲ್ಲಿ ಕೆಲಸ ಆರಂಭಿಸಿತು. 1991ರ ಆರ್ಥಿಕ ಸಂಕಟದ ನಂತರ ನೀತಿ ಬದಲಾಯಿತು. 1999ರಲ್ಲಿ ಅಂಗೀಕಾರವಾಗಿ 2000ದ ಜೂನಿನಲ್ಲಿ ಜಾರಿಗೆ ಬಂದ ಕಾಯಿದೆಯ ಹೆಸರಿನಲ್ಲೇ ನಿಯಂತ್ರಣದ ಬದಲು ನಿರ್ವಹಣೆ ಎಂಬ ಮಾತು ಬಂತು. 2004ರ ಫೆಬ್ರವರಿಯಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರಿನವರೆಗೆ ಯಾರ ವಿಶೇಷ ಅಪ್ಪಣೆಯೂ ಇಲ್ಲದೆ ಹೊರಗೆ ಕಳುಹಿಸಬಹುದೆಂದು ರಿಸರ್ವ್ ಬ್ಯಾಂಕು ಹೇಳಿತು; 2015ರಿಂದ ಆ ಮಿತಿ 2,50,000 ಡಾಲರು. ಹತ್ತು ಡಾಲರಿಗೆ ತಿಂಗಳುಗಟ್ಟಲೆ ಬೆಂಚಿನ ಮೇಲೆ ಕುಳಿತ ನಾನು ಈ ಸುದ್ದಿಯನ್ನು ಎರಡು ಸಲ ಓದಿದೆ.

ಇಷ್ಟಾದ ಮೇಲೆ ಕಷ್ಟ ತೀರಿತೆಂದು ಓದುಗರು ತಿಳಿಯಬಹುದು. ತೀರಲಿಲ್ಲ, ರೂಪ ಬದಲಿಸಿತು. 2020ರಲ್ಲಿ ರಿಸರ್ವ್ ಬ್ಯಾಂಕು ಒಂದು ಆದೇಶ ಮಾಡಿತು. ವಂಚನೆಯನ್ನು ತಡೆಯಲು, ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗೆ, ಅದೂ ಹಣದ ಯಂತ್ರದಲ್ಲಿ ಮತ್ತು ಅಂಗಡಿಯಲ್ಲಿ ಮಾತ್ರ ನಡೆಯಬೇಕು. ಹೊರದೇಶಕ್ಕೆ ಬೇಕಾದರೆ ಒಡೆಯನೇ ಗುಂಡಿ ಒತ್ತಿ ತೆರೆಯಬೇಕು ಎಂದು. ಒಳ್ಳೆಯ ಆದೇಶವೇ. ಆದರೆ ಆ ಗುಂಡಿ ಇದೆಯೆಂದು ತಿಳಿಯದ ಹುಡುಗ ಗಡುವಿನ ರಾತ್ರಿ ಕಾರ್ಡು ಹಿಡಿದು ಒದ್ದಾಡುತ್ತಾನೆ. ಒಳಗೆ ಬರುವ ಹಣಕ್ಕೂ ಹೀಗೆಯೇ. ಪರದೇಶದ ಕಾರ್ಡನ್ನು ಸ್ವೀಕರಿಸಬೇಕಾದರೆ ವಿದ್ಯಾಸಂಸ್ಥೆ ತನ್ನ ಬ್ಯಾಂಕಿನೊಡನೆ ಬೇರೆಯಾಗಿ ಏರ್ಪಾಡು ಮಾಡಿಕೊಳ್ಳಬೇಕು; ಅದಕ್ಕೆ ಖರ್ಚೂ ಹೆಚ್ಚು, ಕಾಗದಪತ್ರವೂ ಹೆಚ್ಚು. ಹಲವರು ಆ ಗೋಜಿಗೇ ಹೋಗುವುದಿಲ್ಲ. 2016ರಲ್ಲಿ ಬಂದ ಯುಪಿಐ ನಮ್ಮೂರ ಸೊಪ್ಪಿನವಳ ತಳ್ಳುಗಾಡಿಯವರೆಗೂ ತಲುಪಿದೆ. 2023ರಲ್ಲಿ ಒಮಾನ್ ಸೇರಿ ಹತ್ತು ದೇಶಗಳ ಫೋನು ಸಂಖ್ಯೆಯಿಂದ, ಇಲ್ಲಿ ಖಾತೆ ಇರುವ ನಮ್ಮವರಿಗೆ ಅದನ್ನು ತೆರೆಯುವ ಅನುಮತಿ ಸಿಕ್ಕಿತು. ನನ್ನ ತಮ್ಮನ ಮಗನಿಗೆ ಅದು ಗೊತ್ತೇ ಇರಲಿಲ್ಲ. ಸಣ್ಣ ಅಕ್ಷರದ ಸಾಲು ಈಗಲೂ ಪುಸ್ತಕದ ಕೊನೆಯಲ್ಲಿಯೇ ಇದೆ.

ಶುಲ್ಕವೂ ಬೆಳೆದಿದೆ. ಜರ್ಮನಿಗೆ ಓದಲು ಹೋಗುವವರ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಗೆ ಮೊದಲ ಅರ್ಜಿಗೆ 75 ಯೂರೊ, ಅನಂತರದ ಒಂದೊಂದಕ್ಕೆ 30 ಯೂರೊ. 2022ರಿಂದ ಭಾರತದವರಿಗೆ ಅದಕ್ಕೂ ಮೊದಲು ಎಪಿಎಸ್ ಎಂಬ ದೃಢೀಕರಣ ಪತ್ರ ಬೇಕಾಗಿದೆ, ಅದರ ಶುಲ್ಕ 18,000 ರೂಪಾಯಿ. ಅಮೆರಿಕದಲ್ಲಿ ಒಂದು ಅರ್ಜಿಗೆ ನೂರು ಡಾಲರಿನ ಹತ್ತಿರ ಕೇಳುವವರು ಅಪರೂಪವಲ್ಲ. ಎಂಟು ಹತ್ತು ಕಡೆ ಹಾಕುವುದು ವಾಡಿಕೆ. ಡಾಲರು ಎಂಬತ್ತು ರೂಪಾಯಿ ದಾಟಿರುವ ಈ ಕಾಲದಲ್ಲಿ ಹತ್ತು ಅರ್ಜಿಗೆ ಎಂಬತ್ತು ಸಾವಿರಕ್ಕೆ ಕಡಿಮೆಯಿಲ್ಲ. ನಮ್ಮಲ್ಲೂ ಕಡಿಮೆಯೇನಲ್ಲ. ಕಾನೂನು ವಿಶ್ವವಿದ್ಯಾನಿಲಯಗಳ ಒಟ್ಟು ಪ್ರವೇಶಪರೀಕ್ಷೆ 2008ರಲ್ಲಿ ಆರಂಭವಾದಾಗ ಮೊದಲ ಸಲ ನಡೆಸಿದ್ದು ನಮ್ಮ ನಾಗರಬಾವಿಯ ಶಾಲೆಯೇ; ಈಚಿನ ವರ್ಷಗಳಲ್ಲಿ ಅದರ ಅರ್ಜಿಗೆ 4,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೂ ಬಡತನದ ರೇಖೆಗಿಂತ ಕೆಳಗಿನವರಿಗೂ 3,500. ಎಷ್ಟು ಅಮ್ಮಂದಿರ ಎಷ್ಟು ಲೀಟರು ಹಾಲು ಎಂದು ನಾನು ಲೆಕ್ಕ ಹಾಕುತ್ತೇನೆ. ಹಳೆಯ ಅಭ್ಯಾಸ.

ಶುಲ್ಕವೇ ಬೇಡವೆಂದು ನಾನು ಹೇಳುವುದಿಲ್ಲ. ಅರ್ಜಿ ನೋಡುವವರಿಗೆ ಸಂಬಳವಾಗಬೇಕು. ಬಿಟ್ಟಿಯಾದರೆ ಬೇಕಾದವರೂ ಬೇಡದವರೂ ಅರ್ಜಿ ಗುಜರಾಯಿಸಿ ಮೇಜು ಮುಳುಗಿಸುತ್ತಾರೆ. ನನ್ನ ಅನುಭವದಿಂದ ಎರಡು ಮಾತು ಮಾತ್ರ ಹೇಳಬಲ್ಲೆ. ಅರ್ಜಿ ಹಾಕುವ ಮಕ್ಕಳಿಗೆ: ಹಣ ಕಟ್ಟುವ ಮೊದಲು ಪುಸ್ತಕವನ್ನು ಕಡೆಯ ಪುಟದವರೆಗೆ ಓದಿ. ಶುಲ್ಕದ ವಿನಾಯಿತಿ ಇದೆಯೇ ಎಂದು ಕೇಳಿ ನಾಲ್ಕು ಸಾಲು ಬರೆಯಲು ನಾಚಬೇಡಿ. ಇಂದಿಗೂ ಎಷ್ಟೋ ವಿಶ್ವವಿದ್ಯಾನಿಲಯಗಳು ಕೇಳಿದವರಿಗೆ ವಿನಾಯಿತಿ ಕೊಡುತ್ತವೆ, ಕೇಳದವರಿಗೆ ಕೊಡುವುದಿಲ್ಲ. ಕಾರ್ಡು ನಡೆಯುತ್ತದೆಯೇ ಎಂಬುದನ್ನು ಗಡುವಿಗೆ ವಾರ ಮೊದಲೇ ನೋಡಿಕೊಳ್ಳಿ. ಇನ್ನು ಮೇಜಿನ ಒಳಗಡೆ ಕುಳಿತವರಿಗೆ: ಅರ್ಜಿ ತಲುಪಿ ಹಣ ತಲುಪದಿದ್ದರೆ, ಅಥವಾ ಹತ್ತು ರೂಪಾಯಿ ಕಡಿಮೆ ಬಿದ್ದಿದ್ದರೆ, ಹಿಂದಿರುಗಿಸುವ ಮುನ್ನ ಒಂದು ದಿನ ಇಟ್ಟುಕೊಳ್ಳಿ. ಹುಡುಗನನ್ನು ತೂಗಿ ನೋಡಿ, ಹಣವನ್ನು ಆಮೇಲೆ ಕೇಳಬಹುದು. ಯಂತ್ರಕ್ಕೆ ಈ ಮಾತು ತಿಳಿಯದು. ಯಂತ್ರವನ್ನು ಇಟ್ಟವರಿಗೆ ತಿಳಿಯಬಹುದು.

ನಮ್ಮ ಮನೆಯಿಂದ ಜ್ಞಾನಭಾರತಿಯ ಕಡೆಗೆ ಸಂಜೆ ಒಂದು ಸುತ್ತು ಹೋಗುವುದು ನನ್ನ ಪದ್ಧತಿ. 2021ರಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಅಲ್ಲಿಯ ನಿಲ್ದಾಣದಲ್ಲಿ ಹುಡುಗ ಹುಡುಗಿಯರ ಸಂದಣಿ. ನಾನಾ ನಾಡಿನ ಮುಖಗಳೂ ಅದರಲ್ಲಿ ಕಾಣುತ್ತವೆ. ಆಫ್ರಿಕದ ಹುಡುಗನೊಬ್ಬ ಎದುರಾದರೆ ಈಗಲೂ ನನ್ನ ಕಾಲು ಒಂದು ಕ್ಷಣ ನಿಧಾನವಾಗುತ್ತದೆ.

ಅಂದು ಬೆಳಗ್ಗೆ ಕೆಲಸ ಮುಗಿದ ಮೇಲೆ ಮಸ್ಕತ್ತಿನ ಹುಡುಗಿ ಕೇಳಿದಳು: "ತಾತ, ಆ ದುಡ್ಡನ್ನು ನಿಮಗೆ ಹೇಗೆ ಕಳುಹಿಸಲಿ?" ನಾನು ಬೇಡವೆಂದೆ. ಅವಳು ಒಪ್ಪಲಿಲ್ಲ. "ಹಾಗಾದರೆ ನೀನು ಅಲ್ಲಿಗೆ ಸೇರಿದ ಮೇಲೆ, ಶುಲ್ಕ ಕಟ್ಟಲಾಗದ ಒಂದು ಮಗುವಿನ ಅರ್ಜಿಗೆ ಕಟ್ಟಿಬಿಡು. ಲೆಕ್ಕ ಸರಿಹೋಗುತ್ತದೆ" ಎಂದೆ. ಅವಳಿಗೆ ಪ್ರವೇಶ ದೊರೆಯುತ್ತದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ. ತಕ್ಕಡಿಯಂತೂ ಮುಟ್ಟಿದ್ದಾಳೆ.